ಹ್ಯಾಮಿಲ್ಟನ್‌ಗೆ ಬಾರದ ಗೋಲ್‌ಕೀಪರ್

ಚಳಿಗಾಲ ಮುಗಿಯುವ ಹೊತ್ತಿಗೆ ಥೋರಾ ಹೆಲ್ಗಸನ್‌ಗೆ ಟಿವಿ ಹಾಕಿದರೆ ಸಾಕು, ಅಲ್ಲಿಂದ ಎದ್ದು ಹೋಗಬೇಕೆನ್ನಿಸುತ್ತಿತ್ತು. ಲೀಗಿನ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಉಳಿದಿದ್ದು ಅದೊಂದು ವಾರ. ಆ ವಾರ ಐಸ್ ಹಾಕಿ ಚಾನೆಲ್ಲಿನವರಿಗೆ ಬೇರೆ ಕಸುಬಿರಲಿಲ್ಲ. ಜನರಲ್ ಮ್ಯಾನೇಜರುಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿ, ಯಾರು ಯಾರನ್ನು ಕೊಂಡು ಗೆದ್ದರು, ಯಾರು ಯಾರನ್ನು ಬಿಟ್ಟು ಕೆಟ್ಟರು ಎಂದು ಬೆಳಗಿನಿಂದ ಸಂಜೆಯವರೆಗೆ ತೂಗುತ್ತಿದ್ದರು. ಬೇರೆಯವರ ಮನೆಯಲ್ಲಿ ಅದು ಕಾಫಿ ಕುಡಿಯುತ್ತಾ ಆಡುವ ಮಾತು. ಸರೋವರದ ದಂಡೆಯ ಗಿಮ್ಲಿ ಊರಿನ ಹೆಲ್ಗಸನ್ ಮನೆಯಲ್ಲಿ ಹಾಗಲ್ಲ. ಥೋರಾಳ ಅಣ್ಣ ಐನಾರ್ ಹ್ಯಾಮಿಲ್ಟನ್ ತಂಡದ ಮ್ಯಾನೇಜರು, ತಮ್ಮ ಕೆಲ್ವಿನ್ ಪೋರ್ಟ್‌ಲ್ಯಾಂಡ್ ತಂಡದ ಮ್ಯಾನೇಜರು. ಇಡೀ ಲೀಗಿನಲ್ಲಿ ಒಡಹುಟ್ಟಿದ ಮ್ಯಾನೇಜರುಗಳು ಇವರಿಬ್ಬರೇ ಆದ್ದರಿಂದ ಚಾನೆಲ್ಲಿನವರಿಗೆ ಇವರನ್ನು ತೂಗುವುದೆಂದರೆ ಹಬ್ಬ. ಪರದೆಯ ಎಡಕ್ಕೆ ಅಣ್ಣನ ಫೋಟೊ, ಬಲಕ್ಕೆ ತಮ್ಮನ ಫೋಟೊ, ನಡುವೆ ಅಂಕಿಗಳು.

ಅಪ್ಪ ಸ್ಟೆಫಾನ್ ಹೀಟರಿಗೆ ಕಾಲು ಚಾಚಿ ಕುಳಿತು, ಸೌಂಡು ಜೋರಾಗಿಟ್ಟು ನೋಡುತ್ತಿದ್ದ.

"ನೋಡೇ ಥೋರಾ, ಕೆಲ್ವಿನ್ ಕಮ್ಮಿ ವರ್ಷದಲ್ಲಿ ಜಾಸ್ತಿ ಸಲ ಕಪ್ಪಿಗೆ ಆಡೋ ಕೊನೆ ಸುತ್ತಿಗೆ ಹೋಗಿದಾನೆ. ಐನಾರು ಇಷ್ಟು ವರ್ಷದಿಂದ ಅಲ್ಲಿ ಕೂತು ಏನ್ ಮಾಡ್ತಿದಾನೆ ಅಂತ?"

"ಅಪ್ಪಾ, ಸೌಂಡ್ ಸ್ವಲ್ಪ ಕಮ್ಮಿ ಮಾಡು."

"ಕಮ್ಮಿ ಮಾಡಿದ್ರೆ ಲೆಕ್ಕ ಬದಲಾಗುತ್ತಾ?"

ಅವನಿಗೆ ಇದು ಹೊಸದಲ್ಲ. ಹುಡುಗರಿಬ್ಬರೂ ಚಿಕ್ಕವರಿದ್ದಾಗ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಮೀನು ಹಿಡಿದು ತಂದರೆ, ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿ ಇವತ್ತು ಯಾರು ಗೆದ್ದರೆಂದು ಹೇಳಿದ ಮೇಲೆಯೇ ಒಳಗೆ ಬಿಡುತ್ತಿದ್ದ. ಸೋತವನ ಮುಖ ಥೋರಾಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಚ್ಚಿನ ದಿನ ಅದು ಐನಾರನದೇ. ಕೆಲ್ವಿನ್‌ಗೆ ಮ್ಯಾನೇಜರ್ ಕೆಲಸ ಸಿಕ್ಕಿದಾಗ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು, "ನಿಮ್ಮಿಬ್ಬರ ಮಧ್ಯೆ ಆಟಗಾರರ ವ್ಯಾಪಾರ ಮಾತ್ರ ಬೇಡ ಕಣ್ರೋ" ಎಂದು ಮಾತು ತೆಗೆದುಕೊಂಡಿದ್ದಳು. ಆಕೆ ಇರುವಷ್ಟು ದಿನ ಆ ಮಾತು ನಡೆಯಿತು. ಆಕೆ ಹೋಗಿ ಮೂರು ವರ್ಷವಾಗಿತ್ತು.

ಥೋರಾ ಶಾಲೆಯ ಬಸ್ಸು ಓಡಿಸುತ್ತಾಳೆ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಬಂದರಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುವುದು ಅವಳ ರೂಢಿ. ಆ ವಾರ ಅದೂ ಬೇಡವೆನ್ನಿಸಿತ್ತು. ಆದರೆ ಹೋಗದಿದ್ದರೆ ಹೆದರಿದಳು ಅಂದುಕೊಳ್ಳುತ್ತಾರೆಂದು ಹೋದಳು. ಬಾಗಿಲು ತೆರೆಯುವಷ್ಟರಲ್ಲೇ ಮೀನುಗಾರ ಲಾರಸ್ ಶುರುಮಾಡಿದ.

"ಬಾರಮ್ಮಾ ಬಾ. ನಿಮ್ಮಣ್ಣನ ಗೋಲ್‌ಕೀಪರ್ ಮಂಡಿ ಮುರ್ಕೊಂಡನಂತೆ. ಇನ್ನು ಗೋಲಿನ ಮುಂದೆ ಯಾರನ್ನ ನಿಲ್ಲಿಸ್ತಾನೆ, ನಿನ್ನನ್ನಾ?"

"ನಿನ್ನ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ ಲಾರಸ್. ಆ ಹೊಟ್ಟೆ ದಾಟಿ ಯಾವ ಗೋಲೂ ಹೋಗಲ್ಲ."

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಥೋರಾಳೂ ನಕ್ಕಳು. ಕಾಫಿ ಮಾತ್ರ ಅರ್ಧಕ್ಕೇ ಬಿಟ್ಟಳು. ಹ್ಯಾಮಿಲ್ಟನ್ ತಂಡ ಈ ವರ್ಷವೂ ಕಪ್ಪಿನ ಸುತ್ತಿಗೆ ಹೋಗದಿದ್ದರೆ ಐನಾರನನ್ನು ಉಳಿಸಿಕೊಳ್ಳುವುದಿಲ್ಲವೆಂದು ಮಾಲೀಕ ಬಹಿರಂಗವಾಗಿಯೇ ಹೇಳಿದ್ದ. ಗೋಲ್‌ಕೀಪರ್ ಬಿದ್ದನೆಂದರೆ ಅಣ್ಣನ ಕೆಲಸವೂ ಬಿದ್ದ ಹಾಗೆಯೇ.

ಮಾರನೆಯ ಬೆಳಗ್ಗೆ ಬಸ್ಸಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಐನಾರನ ಫೋನ್ ಬಂತು. ಅವನ ದನಿಯಲ್ಲಿ ಅಷ್ಟು ಗೆಲುವು ಕೇಳಿ ತಿಂಗಳುಗಳೇ ಆಗಿದ್ದವು.

"ಥೋರಾ, ಅಮ್ಮನಿಗೆ ಕೊಟ್ಟ ಮಾತು ಮುರೀತಾ ಇದೀನಿ. ಬೈಬೇಡ."

"ಯಾಕೋ, ಏನಾಯ್ತು?"

"ಕೆಲ್ವಿನ್ ಹತ್ರ ಮಾತಾಡಿದೆ. ಅವನ ಗೋಲ್‌ಕೀಪರ್ ರೆಮಿ ದ್ಯುಸೋನ ಕೊಡ್ತಾನಂತೆ. ಬದಲಿಗೆ ನಮ್ಮ ಹುಡುಗ, ಆ ಎತ್ತರದ ಡಿಫೆಂಡರ್ ಇದಾನಲ್ಲ, ಅವನನ್ನ ಕೇಳ್ದ. ಕರುಳು ಕಿತ್ತು ಕೊಟ್ಟ ಹಾಗೆ ಆಗುತ್ತೆ, ಆದ್ರೂ ಕೊಡ್ತೀನಿ. ರೆಮಿ ಬಂದ್ರೆ ನಾವು ಉಳ್ಕೊಂಡ್ವಿ. ನಾಳೆ ಮಧ್ಯಾಹ್ನ ಕಾಗದ ಕಳಿಸ್ತೀವಿ. ನಿನಗೆ ಮೊದ್ಲೇ ಹೇಳೋಣ ಅಂತ."

ಥೋರಾ ಹಿಮ ಕೆರೆಯುವ ಹಲಗೆಯನ್ನು ಬಸ್ಸಿನ ಮೂತಿಯ ಮೇಲಿಟ್ಟಳು. "ಒಳ್ಳೇದಾಯ್ತು ಬಿಡಣ್ಣ" ಎಂದಳು. ಅವನು ಫೋನಿಟ್ಟ ಮೇಲೂ ಅಲ್ಲೇ ನಿಂತಿದ್ದಳು.

ರೆಮಿ ದ್ಯುಸೋ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಐನಾರನಿಗೆ ಗೊತ್ತಿರಲಿಲ್ಲ. ಕೆಲ್ವಿನ್ ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದ. ಅಪ್ಪನ ಜೊತೆ ಆಟದ ಮಾತು ಮುಗಿದ ಮೇಲೆ ಅಕ್ಕನ ಹತ್ತಿರ ಮನಸ್ಸಿನ ಮಾತು. ಕ್ರಿಸ್ಮಸ್ ಕಳೆದ ಮೇಲೆ ಒಂದು ಭಾನುವಾರ ಅವನು ಹೇಳಿದ್ದ. "ಅಕ್ಕಾ, ಯಾರಿಗೂ ಹೇಳ್ಬೇಡ. ನಮ್ಮ ರೆಮಿ ಆಟ ಇರೋ ದಿನ ಬೆಳಗ್ಗೆಯಿಂದ ವಾಂತಿ ಮಾಡ್ಕೋತಾನೆ. ಕೈ ನಡುಗುತ್ತೆ. ಮೊನ್ನೆ ಅವನ ಮನೆಗೆ ಹೋಗಿದ್ದೆ, ಮಗು ಥರ ಅತ್ತ. ಹೆಂಡ್ತಿ ಮಕ್ಕಳು ಕ್ವಿಬೆಕ್‌ನಲ್ಲಿ, ಇವನು ಇಲ್ಲಿ. ಆಟ ಬಿಟ್ಟುಬಿಡ್ತೀನಿ ಅಂತಾನೆ. ಈ ಸೀಸನ್ ಮುಗಿಸಪ್ಪಾ ಅಂತ ಬೇಡ್ಕೊಂಡಿದೀನಿ." ಯಾರಿಗೂ ಹೇಳುವುದಿಲ್ಲವೆಂದು ಥೋರಾ ಮಾತು ಕೊಟ್ಟಿದ್ದಳು.

ಬೆಳಗಿನ ಟ್ರಿಪ್ಪು ಮುಗಿಸಿದವಳೇ ಶಾಲೆಯ ಹಿಂದೆ ಬಸ್ಸು ನಿಲ್ಲಿಸಿ ಕೆಲ್ವಿನ್‌ಗೆ ಫೋನ್ ಮಾಡಿದಳು.

"ರೆಮಿ ವಿಷಯ ಐನಾರನಿಗೆ ಹೇಳಿದೀಯಾ?"

"ಡಾಕ್ಟರ ರಿಪೋರ್ಟಲ್ಲಿ ಏನಿದೆಯೋ ಅದೆಲ್ಲಾ ಕಳಿಸಿದೀನಿ."

"ನಾನು ಅದನ್ನ ಕೇಳ್ಲಿಲ್ಲ."

"ಅಕ್ಕಾ, ಅದು ರೆಮಿ ನನ್ನ ನಂಬಿ ಹೇಳಿದ ಮಾತು. ಅವನನ್ನ ಕೇಳದೆ ನಾನು ಊರಿಗೆಲ್ಲಾ ಹೇಳ್ಕೊಂಡು ಬರೋಕಾಗುತ್ತಾ?"

"ನಾನು ಊರಿಗೆಲ್ಲಾ ಹೇಳು ಅಂದೆನಾ? ಅಣ್ಣ ಕಣೋ ಅವನು."

"ಈ ವಾರ ಅಣ್ಣ ಅಲ್ಲ, ಹ್ಯಾಮಿಲ್ಟನ್." ಅಂದವನು ತಾನೇ ಅದನ್ನು ಮೆತ್ತಗೆ ಮಾಡಲು ನೋಡಿದ. "ಹೊಸ ಜಾಗ, ಹೊಸ ಹುಡುಗರು. ರೆಮಿ ಸರಿಹೋದ್ರೂ ಹೋಗ್ಬಹುದು. ಅಲ್ಲಿಂದ ಅವನ ಮನೆನೂ ಹತ್ರ. ಐನಾರನಿಗೆ ಈಗ ಬೇರೆ ಯಾರೂ ಗೋಲ್‌ಕೀಪರ್ ಕೊಡಲ್ಲ ಅಕ್ಕಾ. ನಾನು ಕೊಟ್ರೆ ಒಂದು ಚಾನ್ಸ್ ಆದ್ರೂ ಇದೆ."

"ಚಾನ್ಸ್ ಇಲ್ದಿದ್ರೆ?"

"ನಿನಗೆ ಹೇಳ್ಲೇಬಾರದಿತ್ತು ನಾನು," ಎಂದ ಕೆಲ್ವಿನ್. ಯಾರೋ ಕರೆಯುತ್ತಿದ್ದಾರೆಂದು ಫೋನಿಟ್ಟ.

ಆ ದಿನವಿಡೀ ಥೋರಾಳ ತಲೆಯೊಳಗೆ ಅಣ್ಣ ತಮ್ಮ ಇಬ್ಬರೂ ವಾದ ಮಾಡುತ್ತಿದ್ದರು. ಹೇಳಿದರೆ ತಮ್ಮನಿಗೆ ಕೊಟ್ಟ ಮಾತು ತಪ್ಪಿತು, ಆ ರೆಮಿಯ ಗುಟ್ಟೂ ಬಯಲಾಯಿತು. ಹೇಳದಿದ್ದರೆ ಅಣ್ಣ ತನ್ನ ಕೈಯಲ್ಲಿರುವ ಒಳ್ಳೆಯ ಹುಡುಗನನ್ನು ಕೊಟ್ಟು, ಕೈ ನಡುಗುವ ಗೋಲ್‌ಕೀಪರನನ್ನು ತಂದುಕೊಂಡು, ಊರೆಲ್ಲ ನೋಡುವಂತೆ ಮುಗ್ಗರಿಸುತ್ತಾನೆ. ಆಮೇಲೆ ಚಾನೆಲ್ಲಿನವರು ಎಡಕ್ಕೊಬ್ಬನ ಬಲಕ್ಕೊಬ್ಬನ ಫೋಟೊ ಹಾಕಿ, ತಮ್ಮನೇ ಅಣ್ಣನಿಗೆ ಟೋಪಿ ಹಾಕಿದ ಎಂದು ವರ್ಷಗಟ್ಟಲೆ ತೋರಿಸುತ್ತಾರೆ. ಅಪ್ಪ ಸೌಂಡು ಜೋರು ಮಾಡಿ ನೋಡುತ್ತಾನೆ.

ಮಧ್ಯಾಹ್ನ ಮಕ್ಕಳನ್ನು ಮನೆಗೆ ಬಿಡುವಾಗ ಸರೋವರದ ದಂಡೆಯ ರಸ್ತೆಯಲ್ಲಿ ಗಾಳಿ ಎದ್ದು ಹಿಮಪುಡಿ ಹಾರುತ್ತಿತ್ತು. ಹಿಂದಿನಿಂದ ಮಕ್ಕಳು ಕೂಗಿದ್ದು ಅವಳಿಗೆ ಎಲ್ಲೋ ದೂರದಿಂದ ಕೇಳಿದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಪುಟ್ಟ ಹುಡುಗಿಯೊಬ್ಬಳು ಬ್ಯಾಗು ತಬ್ಬಿಕೊಂಡು ಅಳುತ್ತಿದ್ದಾಳೆ. ಅವಳ ಮನೆ ದಾಟಿ ಆಗಲೇ ಬಹಳ ದೂರ ಬಂದಾಗಿತ್ತು. ಇಷ್ಟು ವರ್ಷದಲ್ಲಿ ಥೋರಾ ಒಂದು ಮಗುವಿನ ಮನೆಯನ್ನೂ ದಾಟಿ ಹೋದವಳಲ್ಲ. ಮುಂದಿನ ತಿರುವಿನಲ್ಲಿ ಬಸ್ಸು ತಿರುಗಿಸಿ ಹಿಂದೆ ಬಂದಾಗ ಆ ಹುಡುಗಿಯ ತಾಯಿ ಕೋಟು ಕೂಡ ಹಾಕದೆ ಗೇಟಿನಲ್ಲಿ ನಿಂತಿದ್ದಳು. ಥೋರಾ ಕಿಟಕಿಯಿಂದ ಕ್ಷಮೆ ಕೇಳಿದಳು. ಆ ಹೆಂಗಸು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಕೊನೆಯ ಮಗುವನ್ನು ಇಳಿಸಿದ ಮೇಲೆ ಥೋರಾ ರಸ್ತೆಯ ಅಂಚಿಗೆ ಬಸ್ಸು ನಿಲ್ಲಿಸಿದಳು. ಹೀಗೇ ಮುಂದುವರಿದರೆ ಇವತ್ತು ಮನೆ ದಾಟಿದವಳು ನಾಳೆ ಇನ್ನೇನು ಮಾಡುತ್ತೇನೋ ಎಂದು ಭಯವಾಯಿತು. ಐನಾರನಿಗೆ ಫೋನ್ ಹಚ್ಚಿದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ವಾಂತಿ, ಕೈ ನಡುಕ, ಅಳು, ಆಟ ಬಿಡುವ ಮಾತು.

"ಇದು ಕೆಲ್ವಿನ್ ನಿನಗೆ ಹೇಳಿದ್ದಾ?" ಎಂದ ಐನಾರ್.

ಥೋರಾ ವೈಪರ್ ಹಾಕಿ ಗಾಜಿನ ಮೇಲಿನ ಹಿಮಪುಡಿ ಒರೆಸಿದಳು.

"ಸರಿ ಬಿಡು." ಅವನ ದನಿಯಲ್ಲಿ ಬೆಳಗಿನ ಗೆಲುವು ಒಂದಿಷ್ಟೂ ಉಳಿದಿರಲಿಲ್ಲ. "ಮಕ್ಕಳನ್ನೆಲ್ಲಾ ಮನೆ ಮುಟ್ಟಿಸಿದ್ಯಾ?"

"ಮುಟ್ಟಿಸಿದೆ."

"ಹಂಗಾದ್ರೆ ಮನೆಗೆ ಹೋಗು. ಅಲ್ಲಿ ಗಾಳಿ ಜೋರಿದೆ ಅಂತ ಟಿವಿಲಿ ಹೇಳ್ತಿದ್ರು."

ಮರುದಿನ ಗಡುವು ಮುಗಿಯುವ ಹೊತ್ತಿಗೆ ಚಾನೆಲ್ಲಿನವರು ದೊಡ್ಡದಾಗಿ ಬರೆದು ತೋರಿಸಿದರು. ದ್ಯುಸೋ ಹ್ಯಾಮಿಲ್ಟನ್‌ಗೆ ಹೋಗಿರಲಿಲ್ಲ, ಕ್ವಿಬೆಕ್‌ಗೆ ಹೋಗಿದ್ದ. ಕೊನೆ ಗಳಿಗೆಯಲ್ಲಿ ಐನಾರ್ ಹಿಂದೆ ಸರಿದನಂತೆ. ಕೆಲ್ವಿನ್‌ಗೆ ಸಿಕ್ಕಿದ್ದು ಹೆಸರೇ ಕೇಳದ ಒಬ್ಬ ಆಟಗಾರ. ಕೋಟು ಹಾಕಿಕೊಂಡ ಮೂವರು ಮೇಜಿನ ಹಿಂದೆ ಕೂತು, ಅಣ್ಣನಿಗೆ ಧೈರ್ಯವಿಲ್ಲ, ತಮ್ಮನಿಗೆ ಬುದ್ಧಿಯಿಲ್ಲ ಎಂದು ಇಬ್ಬರನ್ನೂ ಒಟ್ಟಿಗೆ ತೊಳೆದರು.

"ಇದೇನೇ ಇದು, ನನ್ನ ಮಕ್ಕಳಿಬ್ಬರೂ ಒಂದೇ ದಿನ ಪೆದ್ದರಾದ್ರು," ಎಂದ ಅಪ್ಪ.

ಆ ಭಾನುವಾರ ಕೆಲ್ವಿನ್‌ನ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಥೋರಾ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಒಂದು ಸಾಲಿನ ಮೆಸೇಜು ಬಂತು. "ನಿನ್ನ ಮೇಲೆ ಕೋಪ ಇಲ್ಲ, ಸ್ವಲ್ಪ ದಿನ ಬಿಡು." ಅದನ್ನು ಓದಿ ಅವಳಿಗೆ ಸಮಾಧಾನವಾಗಬೇಕಿತ್ತು. ಕೋಪವಿಲ್ಲದವನು ಯಾಕೆ ಮಾತಾಡುತ್ತಿಲ್ಲ ಎಂಬ ಹೊಸ ಚಿಂತೆ ಹತ್ತಿಕೊಂಡಿತು.

ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಕ್ವಿಬೆಕ್‌ಗೆ ಹೋದ ದ್ಯುಸೋ ಹೊಸ ಮನುಷ್ಯನಂತೆ ಆಡತೊಡಗಿದ. ಗೋಲಿನ ಮುಂದೆ ಗೋಡೆ ಕಟ್ಟಿದ ಹಾಗೆ. ತಂಡ ಗೆಲ್ಲುತ್ತಾ ಗೆಲ್ಲುತ್ತಾ ಕಪ್ಪಿನ ಸುತ್ತಿಗೆ ನುಗ್ಗಿತು. ಅತ್ತ ಹ್ಯಾಮಿಲ್ಟನ್ ಸೋಲುತ್ತಾ ಸೋಲುತ್ತಾ ಹೊರಗುಳಿಯಿತು. ಏಪ್ರಿಲಿನಲ್ಲಿ ಐನಾರನನ್ನು ಕೆಲಸದಿಂದ ತೆಗೆದರು. ಅವನು ಮಾಡಿದ ತಪ್ಪುಗಳನ್ನು ಚಾನೆಲ್ಲಿನವರು ಎಣಿಸಿದಾಗ ಎಲ್ಲಕ್ಕಿಂತ ಮೇಲಿದ್ದದ್ದು ರೆಮಿ ದ್ಯುಸೋ. ಕೈಗೆ ಬಂದವನನ್ನು ಬಿಟ್ಟುಕೊಟ್ಟ ಮ್ಯಾನೇಜರ್ ಎಂದು ಹೆಸರಾಯಿತು.

ಬಿಡಿಸಿದವಳು ತಾನು ಎಂದು ಊರಿನಲ್ಲಿ ಥೋರಾಗೆ ಮಾತ್ರ ಗೊತ್ತು. ಕ್ವಿಬೆಕ್ ಆಡುವ ಸಂಜೆಗಳಲ್ಲಿ ಅವಳು ಅಡುಗೆಮನೆಯಲ್ಲಿ ನಿಂತು ಕಿವಿಗೊಡುತ್ತಿದ್ದಳು. ಅವನ ಕೈ ಇವತ್ತಾದರೂ ನಡುಗಲಿ, ಒಂದೆರಡು ಗೋಲಾದರೂ ಒಳಗೆ ಬಿಡಲಿ ಎಂದು ಮನಸ್ಸು ಕೇಳಿಕೊಳ್ಳುತ್ತಿತ್ತು. ಅಳುತ್ತಿದ್ದ ಒಬ್ಬ ಮನುಷ್ಯನಿಗೆ ತಾನು ಹೀಗೆ ಕೆಟ್ಟದ್ದು ಬಯಸುತ್ತಿದ್ದೇನೆಂದು ಹೊಳೆದಾಗ ನಾಚಿಕೆಯಿಂದ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು.

ಮೇ ತಿಂಗಳಲ್ಲಿ, ಸರೋವರದ ಮಂಜುಗಡ್ಡೆ ಒಡೆದು ದಂಡೆಗೆ ಬಂದು ಬೀಳುತ್ತಿದ್ದ ದಿನಗಳಲ್ಲಿ, ಐನಾರ್ ಊರಿಗೆ ಬಂದ. ತೆಳ್ಳಗಾಗಿದ್ದ. ಅಪ್ಪನ ಹಳೆಯ ದೋಣಿಯನ್ನು ಅಂಗಳದಲ್ಲಿ ಮಗುಚಿ ಹಾಕಿಕೊಂಡು ಬಣ್ಣ ಕೆರೆಯುತ್ತಾ ಕೂತಿರುತ್ತಿದ್ದ. ಥೋರಾ ಕಾಫಿ ಕೊಟ್ಟು ಬರುತ್ತಿದ್ದಳು. ದ್ಯುಸೋ ಮಾತು ಅವನಾಗಿ ಎತ್ತುತ್ತಾನೇನೋ ಎಂದು ಕಾಯುತ್ತಿದ್ದಳು. ಅವನು ಎತ್ತಲಿಲ್ಲ. ಕಾಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿ, ಒಂದು ಮಧ್ಯಾಹ್ನ ತಾನೇ ಕೇಳಿಬಿಟ್ಟಳು.

"ಅಣ್ಣಾ, ಅವತ್ತು ನಾನು ಫೋನ್ ಮಾಡ್ದೆ ಇದ್ದಿದ್ರೆ ನೀನು ಅವನನ್ನ ತಗೊಳ್ತಿದ್ದೆ, ಅಲ್ವಾ?"

"ತಗೊಳ್ತಿದ್ದೆ."

"ನಿನ್ನ ಕೆಲಸ ಉಳೀತಿತ್ತು."

"ಉಳೀತಿತ್ತೋ ಏನೋ. ಕ್ವಿಬೆಕ್‌ನಲ್ಲಿ ಆಡ್ತಿರೋ ಹಂಗೆ ನಮ್ಮಲ್ಲಿ ಆಡ್ತಿದ್ನಾ ಅಂತ ಯಾರು ಬರ್ಕೊಡ್ತಾರೆ?" ಐನಾರ್ ಕೆರೆಯುವುದನ್ನು ನಿಲ್ಲಿಸಿದ. "ಸುಳ್ಳು ಹೇಳಲ್ಲ ಥೋರಾ. ಅವನು ಗೆದ್ದಾಗೆಲ್ಲಾ ನನಗೂ ಹೊಟ್ಟೆ ಉರಿಯುತ್ತೆ. ಟಿವಿ ಆರಿಸ್ಬಿಡ್ತೀನಿ. ಆದ್ರೆ ಅವನನ್ನ ಕ್ವಿಬೆಕ್‌ಗೆ ಕಳಿಸಿದ್ದು ನಾನೇ."

"ನೀನಾ?"

"ನೀನು ಫೋನಿಟ್ಟ ಮೇಲೆ ಕೆಲ್ವಿನ್‌ಗೆ ಹಚ್ಚಿದೆ. ಬಾಯಿಗೆ ಬಂದ ಹಾಗೆ ಬೈದೆ. ಅವನೂ ಬೈದ. ಚಿಕ್ಕವರಿದ್ದಾಗ ಮೀನಿಗೆ ಜಗಳ ಆಡ್ತಿದ್ವಲ್ಲ, ಹಂಗೇ. ನನ್ನ ಆಫೀಸಿನವರು ಬಾಗಿಲು ಹಾಕ್ಕೊಂಡು ಹೋದ್ರು. ಕೊನೆಗೆ ಇಬ್ರಿಗೂ ಸುಸ್ತಾಯ್ತು. ಅಲ್ಲೋ, ಒಬ್ಬ ಮನುಷ್ಯ ಅಳ್ತಾ ಇದಾನೆ, ಅವನನ್ನ ನಿನ್ನ ಮನೆಯಿಂದ ನನ್ನ ಮನೆಗೆ ದಬ್ಬೋದೇನು, ಹೆಂಡ್ತಿ ಮಕ್ಕಳ ಹತ್ರ ಕಳಿಸು ಅಂದೆ. ರೆಮಿಯನ್ನ ಕೇಳಿ, ಅವನು ಒಪ್ಪಿದ್ರೆ ಕ್ವಿಬೆಕ್‌ನವರಿಗೆ ಇದ್ದ ವಿಷಯ ಇದ್ದ ಹಾಗೆ ಹೇಳು ಅಂದೆ. ಕೆಲ್ವಿನ್ ಹಾಗೇ ಮಾಡ್ದ. ವಿಷಯ ತಿಳಿದ ಮೇಲೆ ಅವರು ಜಾಸ್ತಿ ಕೊಡ್ತಾರಾ? ಸಿಕ್ಕಿದ್ದಕ್ಕೆ ಕೊಟ್ಟ. ಬೇರೆಯವರಿಗೆ ಗೊತ್ತಾಗಬಾರದು ಅಂತ ರೆಮಿ ಕೇಳ್ಕೊಂಡಿದ್ದ."

ಥೋರಾ ಮಗುಚಿದ ದೋಣಿಯ ಮೇಲೆ ಕೂತುಬಿಟ್ಟಳು. "ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ?"

"ಕೆಲಸ ಹೋದ ಮೇಲೆ ಮಾತಾಡೋಕೆ ಮನಸ್ಸೇ ಇರ್ಲಿಲ್ಲ. ಕೆಲ್ವಿನ್‌ಗೆ ನಾಚಿಕೆ. ಅಕ್ಕನ ಹತ್ರ ಏನಂತ ಮಾತಾಡ್ಲಿ ಅಂತಾನೆ."

ಅವಳಿಗೆ ಅಳು ಬಂತು. ಐನಾರ್ ಮತ್ತೆ ಬಣ್ಣ ಕೆರೆಯತೊಡಗಿದ. ಆ ರಾತ್ರಿ ಅವಳಿಗೆ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಆ ನೆಮ್ಮದಿ ಬಾಳಿದ್ದು ಜೂನ್‌ವರೆಗೆ. ಕ್ವಿಬೆಕ್ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಅದಾದ ವಾರಕ್ಕೆ ರೆಮಿ ದ್ಯುಸೋ ಆಟಕ್ಕೆ ವಿದಾಯ ಹೇಳಿದ. ಕಾರಣ ಹೇಳಲಿಲ್ಲ, ಮನೆಯಲ್ಲಿರಬೇಕು ಅಂದನಷ್ಟೆ. ಇನ್ನೂ ಎಷ್ಟೋ ವರ್ಷ ಆಡಬೇಕಿದ್ದ ಗೋಲ್‌ಕೀಪರ್ ಹೀಗೆ ಎದ್ದು ಹೋದದ್ದು ಯಾರಿಗೂ ಅರ್ಥವಾಗಲಿಲ್ಲ. ಚಾನೆಲ್ಲಿನ ಅದೇ ಮೂವರು ಅದೇ ಮೇಜಿನ ಹಿಂದೆ ಕೂತು ಅದೇ ಫೋಟೊಗಳನ್ನು ಮತ್ತೆ ಹಾಕಿದರು. ಈ ಸಲ ತಕ್ಕಡಿ ಅಣ್ಣನ ಕಡೆಗೆ ವಾಲಿತ್ತು. ಐನಾರ್ ಹೆಲ್ಗಸನ್ ಮೊದಲೇ ವಾಸನೆ ಹಿಡಿದಿದ್ದ, ಇಂಥ ಚತುರನನ್ನು ಹ್ಯಾಮಿಲ್ಟನ್‌ನವರು ಕಳೆದುಕೊಂಡರು ಎಂದರು. ಕೆಲ್ವಿನ್ ಎಲ್ಲಾ ಗೊತ್ತಿದ್ದೂ ಮುಚ್ಚಿಟ್ಟು ಕ್ವಿಬೆಕ್‌ನವರ ತಲೆಗೆ ಕಟ್ಟಿದನೇ, ಪೋರ್ಟ್‌ಲ್ಯಾಂಡ್‌ನ ಮಾಲೀಕರು ಇಂಥವನನ್ನು ಇಟ್ಟುಕೊಳ್ಳಬೇಕೇ ಎಂದು ಕೇಳಿದರು.

"ನೋಡಿದ್ಯಾ, ನಾನು ಹೇಳ್ತಿರ್ಲಿಲ್ವಾ, ಐನಾರು ಮೊದಲಿಂದಲೂ ಚುರುಕು," ಎಂದ ಅಪ್ಪ.

ಐನಾರ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಥೋರಾಳ ಎದೆಯಲ್ಲಿ ಹಳೆಯ ಭಯ ಮತ್ತೆ ಎದ್ದು ಕೂತಿತು. ಅಣ್ಣನ ಮೇಲಿಂದ ಎದ್ದು ತಮ್ಮನ ಮೇಲೆ ಕೂತಿತ್ತು, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ನೇರಪ್ರಸಾರ ಬಂತು. ಕೆಲ್ವಿನ್ ಮೈಕುಗಳ ಮುಂದೆ ಕೂತಿದ್ದ. ಕಣ್ಣ ಕೆಳಗೆ ಕಪ್ಪಗಾಗಿತ್ತು. "ದ್ಯುಸೋ ಆಟ ಬಿಡ್ತಾನೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಒಬ್ಬ ಕೇಳಿದ. "ಕ್ವಿಬೆಕ್‌ನವರಿಗೆ ಹೇಳಿದ್ರಾ?" ಎಂದು ಇನ್ನೊಬ್ಬ. ಹೌದು, ಹೇಳಿದ್ದೆ ಎಂದರೆ ಮುಗಿಯುತ್ತಿತ್ತು. ಆದರೆ ಏನು ಹೇಳಿದೆ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಆಗ ರೆಮಿಯ ಗುಟ್ಟು ಬಯಲಾಗುತ್ತಿತ್ತು.

"ಆ ವ್ಯವಹಾರಕ್ಕೆ ನಾನೊಬ್ಬನೇ ಜವಾಬ್ದಾರ," ಎಂದ ಕೆಲ್ವಿನ್. "ರೆಮಿ ಬಗ್ಗೆ ಕೇಳೋದಿದ್ರೆ ರೆಮಿಯನ್ನ ಕೇಳಿ. ಬೇರೆ ಪ್ರಶ್ನೆ ಇದ್ರೆ ಹೇಳಿ." ಮತ್ತೆ ಅದೇ ಪ್ರಶ್ನೆಯನ್ನು ಮೂರು ಥರ ಕೇಳಿದರು. ಅವನು ಮೂರು ಸಲವೂ ಅದನ್ನೇ ಹೇಳಿದ.

"ಇವನ್ಯಾಕೆ ಹಿಂಗೆ ಬಾಯಿ ಹೊಲಿದುಕೊಂಡು ಕೂತಿದಾನೆ? ಕೆಲಸ ಕಳ್ಕೋತಾನೆ," ಎಂದ ಅಪ್ಪ.

"ಅಪ್ಪಾ, ಸಾಕು," ಎಂದ ಐನಾರ್. ಅಷ್ಟು ಮೆತ್ತಗೆ ಹೇಳಿದನೆಂದರೆ ಮುದುಕ ಬೆಚ್ಚಿ ಮಗನ ಮುಖ ನೋಡಿದ, ಆಮೇಲೆ ರಿಮೋಟು ತಡಕಿ ಟಿವಿ ಆರಿಸಿದ.

ಐನಾರ್ ಕೆಲ್ವಿನ್‌ಗೆ ಫೋನ್ ಹಚ್ಚುತ್ತಾ ಹೊರಗೆ ಹೋದ. ಥೋರಾ ಅಡುಗೆಮನೆಯ ಕಿಟಕಿಯ ಬಳಿ ನಿಂತಳು. ಅಣ್ಣ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾ ಮಾತಾಡುತ್ತಿದ್ದ. ಏನು ಹೇಳುತ್ತಿದ್ದಾನೆಂದು ಗಾಜಿನಾಚೆಯಿಂದ ಕೇಳಿಸುತ್ತಿರಲಿಲ್ಲ. ಒಮ್ಮೆ ಕೈ ಎತ್ತಿ ಎತ್ತಿ ಏನನ್ನೋ ವಾದಿಸಿದ, ಒಮ್ಮೆ ತಲೆ ಬಗ್ಗಿಸಿ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಬೇಲಿಯ ಕಂಬಕ್ಕೆ ಒರಗಿ ನಿಂತು, ಏನೋ ನೆನಪಾದವನಂತೆ ಜೋರಾಗಿ ನಕ್ಕ. ಕೆಲ್ವಿನ್‌ನ ಕೆಲಸ ಉಳಿಯುತ್ತದೋ ಹೋಗುತ್ತದೋ ಆ ದಿನ ಯಾರಿಗೂ ಗೊತ್ತಿರಲಿಲ್ಲ. ಥೋರಾ ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಫೋನು ತನ್ನ ಕೈಗೂ ಕೊಡು ಎಂದು ಕೇಳಲು ಅಂಗಳಕ್ಕಿಳಿದಳು.